ವಿರಾಜಪೇಟೆಯ 'ಪೂರ್ತಿ ವಾಕ್ಯದಲ್ಲಿ ಹೇಳು' ಟ್ಯೂಷನ್: ದುಡ್ಡಿಗೆ ಮೋಸ ಇಲ್ಲ, ಆದ್ರೆ ಎಲ್ರಿಗೂ ಅಲ್ಲ

ಮೊದ್ಲೇ ಹೇಳ್ಬಿಡ್ತೀನಿ, ಇದು ಸಿಲಬಸ್ ಮುಗ್ಸೋ ಟ್ಯೂಷನ್ ಅಲ್ಲ, ಹೋಮ್‌ವರ್ಕ್ ಮಾಡ್ಸೋ ಟ್ಯೂಷನ್ನೂ ಅಲ್ಲ. ಮಕ್ಳಿಗೆ ಗೊತ್ತಿರೋ ಉತ್ತರಾನೇ ಪೂರ್ತಿ ವಾಕ್ಯದಲ್ಲಿ ಹೇಳೋದು, ಆಮೇಲೆ ಬರೆಯೋದು, ಇಷ್ಟೇ ಕಲ್ಸೋದು. ಇದಕ್ಕೂ ದುಡ್ಡು ಕೊಡ್ಬೇಕಾ ಅಂತ ನಮ್ಮನೇಲೇ ಕೇಳಿದ್ರು. ಕೊಡ್ಬಹುದು ಅಂತ ನಾನು ಹೇಳ್ತೀನಿ, ಆದ್ರೆ ಎಲ್ಲಾ ಮಕ್ಳಿಗೂ ಅಲ್ಲ, ಅದ್ಯಾಕೆ ಅಂತ ಸ್ವಲ್ಪ ಬಿಡ್ಸಿ ಬರೀತೀನಿ. ಹೆಸ್ರು ಹಾಕ್ತಿಲ್ಲ, ಮಿಸ್‌ಗೆ ಆನ್‌ಲೈನಲ್ಲಿ ಹೆಸ್ರು ಬರೋದು ಇಷ್ಟ ಇಲ್ಲ, ಬಾಗ್ಲಿಗೆ ಬೋರ್ಡೂ ಇಲ್ಲ. ಪೇಟೆಲಿ ಹೈಸ್ಕೂಲ್ ಮಕ್ಳಿರೋ ಯಾರನ್ನ ಕೇಳಿದ್ರೂ "ಓ ಆ ಮೆಣಸಿನ ಅಂಗಡಿ ಮೇಲಿಂದಾ" ಅಂತಾರೆ, ಗಡಿಯಾರ ಕಂಬದಿಂದ ನಡ್ಕೊಂಡೇ ಹೋಗ್ಬಹುದು.

ನಮ್ಮ ಮಗಳು ಎಂಟನೇ ಕ್ಲಾಸು, ಸ್ಟೇಟ್ ಸಿಲಬಸ್, ಇಂಗ್ಲಿಷ್ ಮೀಡಿಯಂ, ಕನ್ನಡ ಒಂದು ಭಾಷೆ. ಓದೋದ್ರಲ್ಲಿ ಏನೂ ಕಮ್ಮಿ ಇಲ್ಲ, ಪಾಠ ಕೇಳಿದ್ರೆ ಕಥೆ ಥರ ಹೇಳ್ತಾಳೆ, ಆದ್ರೆ ಪೇಪರ್ ತಗೊಂಡು ನೋಡಿದ್ರೆ ಎರಡು ಅಂಕದ ಪ್ರಶ್ನೆಗೆ ಎರಡೇ ಪದ. "ಮಳೆ ಜಾಸ್ತಿ." "ರಾಜನ ಮಗ." "ಇಲ್ಲ." ಕೆಂಪು ಇಂಕಲ್ಲಿ ಅರ್ಧ, ಒಂದು, ಅರ್ಧ ಅಂತ ಹಾಕಿರ್ತಾರೆ, ಪಕ್ಕದಲ್ಲಿ 'ಪೂರ್ಣ ವಾಕ್ಯದಲ್ಲಿ ಬರೆ' ಅಂತ. ಹೆಂಗೆ ಬರೀಬೇಕು ಅಂತ ಮಾತ್ರ ಯಾರೂ ಹೇಳ್ಕೊಟ್ಟಿಲ್ಲ, ಐವತ್ತು ಮಕ್ಳಿರೋ ಕ್ಲಾಸಲ್ಲಿ ಅವ್ರಿಗೂ ಟೈಮಿಲ್ಲ ಬಿಡಿ. ನಾನು ಸೊಸೈಟಿಲಿ ಕೆಲ್ಸ ಮಾಡೋದು, ದೊಡ್ಡವ್ರೂ ಏನ್ ಕಮ್ಮಿ ಇಲ್ಲ, ಸಾಲದ ಅರ್ಜಿಲಿ 'ಸಾಲದ ಉದ್ದೇಶ' ಅಂತ ಇರೋ ಕಡೆ 'ಬೇಕು' ಅಂತ ಬರ್ದು ಸೈನ್ ಮಾಡಿ ಕೊಟ್ಟವ್ರು ಇದಾರೆ.

ಇದಕ್ಕೆ ಮುಂಚೆ ಒಂದು ಆಪ್ ತಗೊಂಡಿದ್ವಿ, ಅದ್ರ ಕಥೆನೂ ಹೇಳ್ಬೇಕು. ಪ್ರಶ್ನೆ ಬರುತ್ತೆ, ಮಗು ಟೈಪ್ ಮಾಡ್ಬೇಕು, ವಾಕ್ಯ ಪೂರ್ತಿ ಇದ್ರೆ ಹಸಿರು ಟಿಕ್, ಇಲ್ಲಾಂದ್ರೆ ಕೆಂಪು. ಫುಲ್‌ಸ್ಟಾಪ್ ಬಿಟ್ರೆ ಕೆಂಪು. ನಮ್ಮವ್ಳು ಕಿಲಾಡಿ, ಕಾವೇರಿ ನದಿ ಎಲ್ಲಿ ಹುಟ್ಟುತ್ತದೆ ಅಂದ್ರೆ "ಕಾವೇರಿ ನದಿಯು ಕಾವೇರಿ ನದಿಯಲ್ಲಿ ಹುಟ್ಟುತ್ತದೆ." ಅಂತ ಹಾಕಿದ್ಲು, ಹಸಿರು ಟಿಕ್ ಬಂತು, ಮೇಲಿಂದ ಪಟಾಕಿ ಹೊಡೆಯೋ ಸೌಂಡ್ ಬೇರೆ. ತಲಕಾವೇರಿ ಇರೋ ಜಿಲ್ಲೆಲಿ ಕೂತ್ಕೊಂಡು ಇದನ್ನ ನೋಡ್ಬೇಕಾಯ್ತು. ವರ್ಷದ ದುಡ್ಡು ಒಂದೇ ಸಲ ಕಟ್ಟಿಸ್ಕೊಂಡಿದ್ರು, ವಾಪಸ್ ಕೇಳಿದ್ರೆ ಕಸ್ಟಮರ್ ಕೇರಿಂದ ದಿನಾ ಬೇರೆ ಬೇರೆಯವ್ರು ಫೋನ್ ಮಾಡಿ ಇನ್ನೊಂದು ಕೋರ್ಸ್ ಮಾರೋಕೆ ನೋಡಿದ್ರು, ಕೊನೆಗೆ ನಂಬರ್ ಬ್ಲಾಕ್ ಮಾಡ್ದೆ. ವಾಕ್ಯದ ಆಕಾರ ನೋಡಿ ಮಾರ್ಕ್ ಕೊಡೋ ಯಂತ್ರ ಇದನ್ನ ಕಲ್ಸೋಕಾಗಲ್ಲ, ಎದುರಿಗೆ ಕೂತು "ಅಂದ್ರೆ?" ಅಂತ ಕೇಳೋ ಮನುಷ್ಯ ಬೇಕು.

ಆ "ಅಂದ್ರೆ?" ಕೇಳೋದ್ರಲ್ಲಿ ಈ ಮಿಸ್ ಗಟ್ಟಿ. ರಿಟೈರ್ಡ್ ಹೈಸ್ಕೂಲ್ ಕನ್ನಡ ಟೀಚರ್, ಬ್ಯಾಚಿಗೆ ಹನ್ನೆರಡೇ ಮಕ್ಳು, ಅದಕ್ಕಿಂತ ಒಬ್ರನ್ನೂ ಜಾಸ್ತಿ ತಗೊಳಲ್ಲ. ಮೊದ್ಲ ಒಂದ್ ತಿಂಗ್ಳು ಪೆನ್ನೇ ಮುಟ್ಟಿಸಲ್ಲ, ಬರೀ ಬಾಯಲ್ಲಿ. ನಮ್ಮನೆಯವ್ರಿಗೆ ಇದು ಸರಿ ಬರ್ಲಿಲ್ಲ, ನೋಟ್ಸ್ ಎಲ್ಲಿ ನೋಟ್ಸ್ ಎಲ್ಲಿ ಅಂತ ಶುರು ಮಾಡಿದ್ರು. ಒಂದ್ಸಲ ಕರ್ಕೊಂಡು ಬರೋಕೆ ಬೇಗ ಹೋದಾಗ ಬಾಗ್ಲಲ್ಲಿ ನಿಂತು ಕೇಳಿಸ್ಕೊಂಡೆ, ಅವತ್ತು ನಡೆದದ್ದನ್ನ ಹಾಗೇ ಹೇಳ್ತೀನಿ.

ಮಿಸ್ ಪ್ರಶ್ನೆ, ಕೊಡಗು ಮೈಸೂರು ರಾಜ್ಯಕ್ಕೆ ಯಾವಾಗ ಸೇರಿತು. ಒಬ್ಬ ಹುಡುಗ "1956" ಅಂದ. ತಪ್ಪು ಅನ್ಲಿಲ್ಲ ಅವ್ರು. "ನಾನೀಗ ಒಳಗೆ ಬಂದೆ ಅಂದ್ಕೋ, ಪ್ರಶ್ನೆ ಕೇಳಿಸ್ಕೊಂಡಿಲ್ಲ, 1956 ಅಂದ್ರೆ ನಂಗೇನು ಗೊತ್ತಾಗುತ್ತೆ ಮಗಾ, ನಿಮ್ಮಜ್ಜನ ಮದುವೆನಾ?" ಮಕ್ಳೆಲ್ಲ ನಕ್ರು. ಅವ್ನು "1956ರ ನವೆಂಬರ್ 1ಕ್ಕೆ ಸೇರಿತು" ಅಂದ. "ಯಾರು ಸೇರಿದ್ದು, ಸ್ಕೂಲಿಗಾ?" ಮತ್ತೆ ನಗು. ಆಮೇಲೆ ತಾನೇ ನಿಧಾನಕ್ಕೆ "ಕೊಡಗು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು" ಅಂತ ಪೂರ್ತಿ ಮಾಡ್ದ. ಅಷ್ಟಕ್ಕೇ ಬಿಡ್ಲಿಲ್ಲ, ಪಕ್ಕದವ್ಳಿಗೆ "ಅದಕ್ಕೆ ಮುಂಚೆ ಏನಾಗಿತ್ತು ಕೊಡಗು?" ಅಂದ್ರು, ಅವ್ಳು "ಬೇರೆ ರಾಜ್ಯ" ಅಂದ್ಲು, ಮತ್ತೆ ಅದೇ ಸರ್ಕಸ್ಸು, "1956ರ ನವೆಂಬರ್ 1ಕ್ಕೂ ಮುಂಚೆ ಕೊಡಗು ಬೇರೆ ರಾಜ್ಯವಾಗಿತ್ತು" ಅನ್ನೋವರೆಗೂ.

ಇವ್ರ ಟೆಸ್ಟ್ ಇದೊಂದೇ. ಪ್ರಶ್ನೆನ ಕೈಲಿ ಮುಚ್ಚು, ಉತ್ತರ ಮಾತ್ರ ಓದು, ಹೊಸಬ್ರಿಗೆ ಅರ್ಥ ಆಗುತ್ತಾ? ಆದ್ರೆ ಪೂರ್ತಿ ವಾಕ್ಯ, ಇಲ್ಲಾಂದ್ರೆ ಇಲ್ಲ. ಕರ್ತೃ ಕರ್ಮ ಕ್ರಿಯಾಪದ ಅಂತ ವ್ಯಾಕರಣ ಪಾಠ ಮಾಡೋದು ಬಹಳ ಆಮೇಲೆ. 'ಅವನು', 'ಅದು', 'ಅವರು' ಅಂತ ಶುರು ಮಾಡಿದ ಉತ್ತರ ಎಲ್ಲಾ ಈ ಟೆಸ್ಟಲ್ಲೇ ಫೇಲು. ಮಗಳು ಈಗ ಮನೇಲಿ ಬರೆಯೋವಾಗ ಎಡಗೈ ತಾನಾಗೇ ಪ್ರಶ್ನೆ ಮೇಲೆ ಹೋಗುತ್ತೆ.

ಇನ್ನೊಂದು ನಂಗೆ ಇಷ್ಟ ಆಗಿದ್ದು, ಕೇಳಿದ್ಮೇಲೆ ಅವ್ರು ಸುಮ್ನೆ ಕಾಯ್ತಾರೆ. ಮಗು ಮೇಲೆ ನೋಡುತ್ತೆ ಕೆಳಗೆ ನೋಡುತ್ತೆ, ಅವ್ರು ಏನೂ ಹೇಳಲ್ಲ, ಬೇರೆಯವ್ರು ಕೈ ಎತ್ತಿದ್ರೂ ಕೇಳಲ್ಲ. ಇದ್ರ ಬಗ್ಗೆ ಕೇಳಿದ್ದಕ್ಕೆ ಬಿ.ಎಡ್.ನಲ್ಲಿ ಓದಿದ್ದು ಅಂದ್ರು. ಮೇರಿ ಬಡ್ ರೋ ಅನ್ನೋ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ಬರ್ದಿದ್ದಾರಂತೆ, ಮನೆಗ್ ಬಂದು ನಾನೂ ಹುಡ್ಕಿ ಓದ್ದೆ, ಟೀಚರುಗಳು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡ್ ಅಷ್ಟೇ ಕಾಯೋದು, ಅದನ್ನ ಮೂರು ಸೆಕೆಂಡಿಗೋ ಇನ್ನೂ ಸ್ವಲ್ಪ ಜಾಸ್ತಿಗೋ ಏರ್ಸಿದ್ರೆ ಮಕ್ಳ ಉತ್ತರ ಉದ್ದ ಆಗುತ್ತೆ, 'ಗೊತ್ತಿಲ್ಲ' ಅನ್ನೋದು ಕಮ್ಮಿ ಆಗುತ್ತೆ ಅಂತ. ಮೂರು ಸೆಕೆಂಡ್ ಅಂದ್ರೆ ಏನ್ ಮಹಾ ಅನ್ಸುತ್ತೆ, ಮನೇಲಿ ಮಾಡಿ ನೋಡಿ, ಎರಡನೇ ಸೆಕೆಂಡಿಗೇ ನಾವು ಬಾಯಿ ಹಾಕಿರ್ತೀವಿ.

ಈಗ 'ಯಾಕೆ' ಪ್ರಶ್ನೆಗಳು. ಇದೇ ಈ ಕ್ಲಾಸಿನ ನಿಜವಾದ ಬಂಡವಾಳ, ಬೇರೆದೆಲ್ಲಾ ಮನೇಲೂ ಹೇಳ್ಕೊಡ್ಬಹುದು. ಕಾಫಿ ಗಿಡನ ಮರದ ನೆರಳಲ್ಲಿ ಬೆಳೆಯೋದ್ಯಾಕೆ ಅಂತ ಕೇಳಿದ್ರು. ಬ್ಯಾಚಲ್ಲಿ ಅರ್ಧಕ್ಕರ್ಧ ತೋಟದ ಮಕ್ಳು, ಎಲ್ರಿಗೂ ಗೊತ್ತು ಅಂತ್ಲೇ ಎಲ್ರೂ ಅಂದ್ಕೊಂಡಿದ್ರು. "ಬಿಸ್ಲು ಬೀಳ್ಬಾರ್ದು ಅಂತ." ಯಾವುದ್ರ ಮೇಲೆ? "ಗಿಡದ ಮೇಲೆ." ಬಿದ್ರೆ ಏನಾಗುತ್ತೆ? ಅಲ್ಲಿ ನಿಂತ್ಹೋಯ್ತು. ಗೊತ್ತಿರ್ಲಿಲ್ಲ ಯಾರಿಗೂ, ದಿನಾ ನೋಡೋ ತೋಟನೇ. ಆಮೇಲೆ ಒಬ್ಳು ಎಲೆ ಸುಟ್ಟು ಹೋಗುತ್ತೆ ಅಂದ್ಲು, ಇನ್ನೊಬ್ಳು ಮಣ್ಣಲ್ಲಿ ತೇವ ನಿಲ್ಲಲ್ಲ ಅಂದ್ಲು, ಅಮ್ಮತ್ತಿ ಕಡೆ ಹುಡುಗ ಒಬ್ಬ "ಮರ ಇದ್ರೆ ಒಳ್ಳೆ ಮೆಣಸು ಹಬ್ಬಿಸ್ಬಹುದು ಮಿಸ್, ಕಾಫಿ ರೇಟ್ ಬಿದ್ರೂ ಮೆಣಸು ಉಂಟು" ಅಂದ. ಅದೂ ಬೋರ್ಡ್ ಮೇಲೆ ಹೋಯ್ತು. ಕೊನೆಗೆ ಬಂದ ವಾಕ್ಯ ಇದು: "ನೇರ ಬಿಸಿಲು ಬಿದ್ದರೆ ಕಾಫಿ ಗಿಡದ ಎಲೆ ಸುಡುವುದರಿಂದ ಮತ್ತು ಮಣ್ಣಿನ ತೇವ ಬೇಗ ಆರುವುದರಿಂದ ಕೊಡಗಿನಲ್ಲಿ ಕಾಫಿಯನ್ನು ಮರಗಳ ನೆರಳಿನಲ್ಲಿ ಬೆಳೆಯುತ್ತಾರೆ." ಒಂದು ಪದದ ಉತ್ತರದಲ್ಲಿ ಮಗುಗೆ ಗೊತ್ತಿಲ್ಲದ್ದು ಬಚ್ಚಿಟ್ಕೊಂಡಿರುತ್ತೆ, ವಾಕ್ಯ ಪೂರ್ತಿ ಮಾಡು ಅಂದ ತಕ್ಷಣ ಸಿಕ್ಕಿ ಬೀಳುತ್ತೆ. ನಂಗೆ ಅವತ್ತು ಫೀಸು ವಸೂಲ್ ಅನ್ಸಿದ್ದು ಇಲ್ಲೇ.

ಸೈನ್ಸಲ್ಲೂ ಇದೇ ಥರ. ತಾಮ್ರದ ಪಾತ್ರೆ ಹಸಿರು ಬಣ್ಣಕ್ಕೆ ತಿರುಗೋದ್ಯಾಕೆ ಅಂದ್ರೆ ಮಕ್ಳು 'ತೇವಾಂಶ' ಅಂತ ಬರ್ದು ಮುಂದೆ ಹೋಗ್ತಾರೆ. ತೇವಾಂಶ ಏನ್ ಮಾಡ್ತು? ತಾಮ್ರ ಗಾಳಿಲಿರೋ ತೇವಾಂಶ, ಇಂಗಾಲದ ಡೈಆಕ್ಸೈಡ್ ಜೊತೆ ವರ್ತಿಸಿ ತಾಮ್ರದ ಕಾರ್ಬೊನೇಟಿನ ಹಸಿರು ಪದರ ಕಟ್ಟುತ್ತೆ ಅನ್ನೋ ತನಕ ಬರ್ಬೇಕು. ಲೆಕ್ಕದಲ್ಲಿ ಕೊನೆ ಸಾಲು, ಬರೀ 48 ಅಂತ ಬಿಟ್ಬಿಡೋದಲ್ಲ, 'ಆದ್ದರಿಂದ ತೊಟ್ಟಿಯ ಘನಫಲ 48 ಘನ ಮೀಟರ್' ಅಂತ. ನಮ್ಮವ್ಳು ಇದನ್ನ ಮಾಡೋಕೆ ಶುರು ಮಾಡಿದ್ಮೇಲೆ ಚದರ ಮೀಟರ್, ಘನ ಮೀಟರ್ ಗೊಂದಲ ತಾನಾಗೇ ಕಮ್ಮಿ ಆಯ್ತು, ಬರೆಯೋವಾಗ ಏನು ಕೇಳಿದ್ರು ಅಂತ ಇನ್ನೊಂದ್ಸಲ ನೋಡ್ಲೇಬೇಕಲ್ಲ.

ಬ್ಯಾಚ್ ಬಗ್ಗೆ ಒಂದ್ ಮಾತು. ನಮ್ಮೂರ ಕಡೆ ಗೊತ್ತಲ್ಲ, ಒಬ್ರ ಮನೇಲಿ ಕೊಡವ ತಕ್ಕ್, ಒಬ್ರದ್ದು ಅರೆಭಾಷೆ, ಒಬ್ರದ್ದು ಮಲಯಾಳ, ಇನ್ನೊಬ್ರದ್ದು ತುಳು. ಕನ್ನಡ ಎಲ್ರಿಗೂ ಬರುತ್ತೆ, ಬರವಣಿಗೆಗೆ ಬಂದಾಗ ಒಬ್ಬೊಬ್ರು ಒಂದೊಂದ್ ಕಡೆ ಎಡವ್ತಾರೆ. ಮಲಯಾಳ ಮನೆ ಮಕ್ಳು 'ಅವಳು ಬಂದ' ಅಂತ ಬರೆಯೋದು ಓದದೇ ಇರೋದಕ್ಕಲ್ಲ, ಮಲಯಾಳದಲ್ಲಿ ಅವನಿಗೂ ಅವಳಿಗೂ ಅವರಿಗೂ ಕ್ರಿಯಾಪದ ಒಂದೇ, ಕನ್ನಡದಲ್ಲಿ ಬಂದ, ಬಂದಳು, ಬಂದರು ಅಂತ ಬದ್ಲಾಗುತ್ತೆ. ಮಿಸ್‌ಗೆ ಇದೆಲ್ಲಾ ಗೊತ್ತಿದೆ, ಬೈಯಲ್ಲ, ಯಾರಿಗೆ ಏನು ಕಷ್ಟ ಅಂತ ಒಂದು ಸಣ್ಣ ಡೈರಿಲಿ ಬರ್ದಿಟ್ಕೊಂಡಿದಾರೆ. ಮಾತಲ್ಲಿ ಹೆಂಗೆ ಬೇಕಾದ್ರೂ ಹೇಳು, ಬರೆಯೋವಾಗ ಮಾತ್ರ 'ಹುಟ್ತದೆ' ಅಲ್ಲ 'ಹುಟ್ಟುತ್ತದೆ' ಅಂತ. ತೋಟದ ಕೆಲ್ಸದವ್ರ ಲೈನ್ ಮನೆಯಿಂದ ಬರೋ ಅಸ್ಸಾಮಿನ ಹುಡುಗ ಒಬ್ಬ ಇದಾನೆ, ಅವ್ನ ಹತ್ರ ಫೀಸ್ ತಗೊಳಲ್ಲ ಅಂತ ಬೇರೆ ತಾಯಂದ್ರು ಹೇಳಿದ್ರು, ಪೂರ್ತಿ ವಾಕ್ಯ ಹೇಳೋದ್ರಲ್ಲಿ ಬ್ಯಾಚಿಗೇ ಅವ್ನು ಫಸ್ಟು, ಕನ್ನಡ ಕಲ್ತಿದ್ದೇ ಸ್ಕೂಲಲ್ಲಿ ಅಲ್ವಾ, ತುಂಡು ಮಾತಿನ ಅಭ್ಯಾಸ ಅಂಟ್ಕೊಂಡೇ ಇಲ್ಲ ಅವ್ನಿಗೆ.

ಇಂಗ್ಲಿಷ್ ಕ್ಲಾಸ್ ತಗೊಳೋದು ಮಿಸ್ ಸೊಸೆ, ವಾರಕ್ಕೆರಡು ದಿನ. ಇದು ಸುಮಾರು. ಕನ್ನಡದಲ್ಲಿ ಪ್ರಶ್ನೆನ ಉತ್ತರ ಮಾಡೋದು ಸುಲಭ, ಯಾವಾಗ ಅನ್ನೋದನ್ನ ತೆಗ್ದು ಆ ಜಾಗಕ್ಕೆ ಇಸವಿ ಇಟ್ರೆ ಆಯ್ತು, ಉಳ್ದಿದ್ದು ಹಾಗೇ ಇರುತ್ತೆ. ಇಂಗ್ಲಿಷಲ್ಲಿ ಹಂಗಲ್ಲ, 'ವೆನ್ ಡಿಡ್ ಕಾರ್ಯಪ್ಪ ಬಿಕಮ್ ಕಮಾಂಡರ್ ಇನ್ ಚೀಫ್' ಅಂದ್ರೆ ಡಿಡ್ ಮಾಯ ಆಗ್ಬೇಕು, ಬಿಕಮ್ ಹೋಗಿ ಬಿಕೇಮ್ ಆಗ್ಬೇಕು, ಆಮೇಲೆ ಆನ್ 15 ಜನವರಿ 1949. ಮಕ್ಳು 'ಕಾರ್ಯಪ್ಪ ಡಿಡ್ ಬಿಕಮ್' ಅಂತ ಬರೀತಾರೆ, ಇಲ್ಲಾಂದ್ರೆ 'ಬಿಕಾಸ್' ಅಂತ ಶುರು ಮಾಡಿ ಅರ್ಧಕ್ಕೆ ನಿಲ್ಲಿಸ್ತಾರೆ. ಇದಕ್ಕೆ ತುಂಬಾ ಸಲ ಬಾಯಲ್ಲಿ ಹೇಳ್ಸಿ ಹೇಳ್ಸಿ ರೂಢಿ ಮಾಡಿಸ್ಬೇಕು, ಸೊಸೆಗೆ ಅತ್ತೆಯಷ್ಟು ತಾಳ್ಮೆ ಇಲ್ಲ, ಬೋರ್ಡ್ ಮೇಲೆ ಸರಿ ಉತ್ತರ ಬರ್ದು ಕಾಪಿ ಮಾಡ್ಕೊಳಿ ಅಂತಾರೆ. ಅದಕ್ಕೆ ಗೈಡ್ ಸಾಕು. ಬರೀ ಇಂಗ್ಲಿಷಿಗೋಸ್ಕರ ಸೇರ್ಸೋದಾದ್ರೆ ಬೇಡ ಅಂತೀನಿ.

ಇನ್ನು ದೊಡ್ಡ ತಕರಾರು. ಎಲ್ಲದಕ್ಕೂ ಪೂರ್ತಿ ವಾಕ್ಯ ಅನ್ನೋದು ಮಕ್ಳ ತಲೆಲಿ ಕೂತ್ಬಿಡುತ್ತೆ, ಎಲ್ಲಿ ಬೇಡ ಅನ್ನೋದನ್ನ ಮಿಸ್ ಬಹಳ ತಡವಾಗಿ ಹೇಳ್ಕೊಡ್ತಾರೆ. ಎಸ್ಸೆಸ್ಸೆಲ್ಸಿ ಕನ್ನಡ ಪೇಪರಲ್ಲಿ 'ಒಂದು ವಾಕ್ಯದಲ್ಲಿ ಉತ್ತರಿಸಿ' ಅಂತ ಒಂದು ಭಾಗ ಇರುತ್ತೆ, ಅಲ್ಲಿ ಈ ಅಭ್ಯಾಸ ಬಂಗಾರ. ಆದ್ರೆ ಅದೇ ಪೇಪರಲ್ಲಿ ಮೊದಲೆರಡು ಪದದ ಸಂಬಂಧ ನೋಡಿ ಮೂರನೇದಕ್ಕೆ ಸರಿ ಹೊಂದೋ ಪದ ಬರೆಯೋದೂ ಇರುತ್ತೆ, ಅಲ್ಲಿ ಒಂದೇ ಪದ ಸಾಕು. ಬಹು ಆಯ್ಕೆ ಪ್ರಶ್ನೆಗೆ 'ಕ್ರಮಾಕ್ಷರದೊಡನೆ ಪೂರ್ಣ ಉತ್ತರ ಬರೆಯಿರಿ' ಅಂತಾರೆ, ಅಲ್ಲಿ ಪೂರ್ಣ ಉತ್ತರ ಅಂದ್ರೆ ಅಕ್ಷರದ ಜೊತೆ ಆ ಆಯ್ಕೆನ ಬರೆಯೋದು ಅಷ್ಟೇ, ವಾಕ್ಯ ಕಟ್ಟೋದಲ್ಲ. ನಮ್ಮ ಪಕ್ಕದ ಮನೆ ಹುಡುಗ ಹತ್ತನೇ ಕ್ಲಾಸು, ಪ್ರಿಪರೇಟರಿಗೆ ಸ್ವಲ್ಪ ಮುಂಚೆ ಇಲ್ಲಿಗೆ ಸೇರ್ಕೊಂಡ, ಎಲ್ಲದಕ್ಕೂ ಪ್ರಶ್ನೆನ ಪೂರ್ತಿ ಇಳಿಸಿ ಇಳಿಸಿ ಬರ್ದು ಕೊನೆಲಿ ಪತ್ರಲೇಖನ, ಪ್ರಬಂಧಕ್ಕೆ ಟೈಮೇ ಸಿಗ್ಲಿಲ್ಲ. ಅವ್ರಮ್ಮ ಇನ್ನೂ ಬೈತಿದಾರೆ, ನನ್ನನ್ನೂ ಸೇರ್ಸಿ. ಹತ್ತನೇ ಕ್ಲಾಸಲ್ಲಿ ಬೇಡ, ಆರರಿಂದ ಎಂಟರೊಳಗೆ ಕಳ್ಸಿ, ಆಗ ಅಭ್ಯಾಸ ಕೈಗೆ ಹತ್ತಿ ಸ್ಪೀಡೂ ಬರುತ್ತೆ.

ಮನೇಲೂ ಇದ್ರ ಕಾಟ ಇದೆ. ಸೋಮವಾರಪೇಟೆಯಿಂದ ನಮ್ಮ ಅತ್ತಿಗೆ ಫೋನ್ ಮಾಡಿ "ಮಳೆ ಉಂಟಾ ಅಲ್ಲಿ?" ಅಂದ್ರೆ ಇವ್ಳು "ಹೌದು ಅತ್ತೆ, ವಿರಾಜಪೇಟೆಯಲ್ಲಿ ಬೆಳಗ್ಗೆಯಿಂದ ಜೋರಾಗಿ ಮಳೆ ಸುರಿಯುತ್ತಿದೆ" ಅಂತಾಳೆ. ಮಡಿಕೇರಿ ಆಕಾಶವಾಣಿ ಹಾಕಿದೀರಾ ಅಂತ ಅವ್ರು ಕೇಳಿದ್ರು. ಇದು ತಾನಾಗೇ ಹೋಗುತ್ತೆ ಅಂತ ಮಿಸ್ ಹೇಳಿದ್ದು, ಪೂರ್ತಿ ಹೋಗಿಲ್ಲ ಇನ್ನೂ.

ಅವ್ರೇ ಮಾಡ್ಸಿರೋ ಅಭ್ಯಾಸ ಪುಸ್ತಕ ಒಂದಿದೆ, ಜೆರಾಕ್ಸ್ ಮಾಡಿ ಸ್ಪೈರಲ್ ಹಾಕ್ಸಿದ್ದು, 120 ರೂಪಾಯಿ. ಎಡಗಡೆ ಪ್ರಶ್ನೆ, ಬಲಗಡೆ ಖಾಲಿ ಗೆರೆ, ಉತ್ತರ ಎಲ್ಲೂ ಕೊಟ್ಟಿಲ್ಲ. ಪ್ರಶ್ನೆ ಎಲ್ಲಾ ನಮ್ಮ ಸುತ್ತಮುತ್ತಲಿನದ್ದೇ, ಓಂಕಾರೇಶ್ವರ ದೇವಸ್ಥಾನ, ಹಾರಂಗಿ ಡ್ಯಾಂ, ಪುತ್ತರಿ ಹಬ್ಬ, ಬಸ್ ತಪ್ಪಿದ್ರೆ ಏನ್ ಮಾಡ್ತೀಯ, ಈ ಥರ. ಕೊನೆ ಪುಟಗಳು ಚೆನ್ನಾಗಿವೆ, ಅಲ್ಲಿ 'ನಿನಗೆ ಏನನಿಸುತ್ತದೆ' ಅನ್ನೋ ಪ್ರಶ್ನೆಗಳು. ಪ್ರಿಂಟ್ ಮಾತ್ರ ಅಲ್ಲಲ್ಲಿ ಮಸ್ಕು ಮಸ್ಕು, ಮಳೆಗಾಲದಲ್ಲಿ ಬ್ಯಾಗಲ್ಲಿ ನೆನೆದ್ರೆ ಮುಗೀತು, ಪ್ಲಾಸ್ಟಿಕ್ ಕವರ್ ಹಾಕಿ ಕಳ್ಸಿ.

ಜಾಗದ ಬಗ್ಗೆ. ಒಂದನೇ ಮಹಡಿ, ಹೊರಗಡೆ ಕಬ್ಬಿಣದ ಮೆಟ್ಲು, ಜೂನ್ ಜುಲೈಲಿ ಜಾರುತ್ತೆ, ಕೈ ಹಿಡ್ಕೊಳೋ ಕಂಬಿ ಒಂದೇ ಪಕ್ಕ ಇರೋದು. ಕೆಳಗಡೆ ಮೆಣಸು ಮೂಟೆ ಬಿಚ್ಚಿದ ದಿನ ಇಡೀ ಕ್ಲಾಸು ಸೀನುತ್ತೆ. ಇನ್ವರ್ಟರ್ ಇಲ್ಲ, ಮಳೆ ಗಾಳಿಗೆ ಕರೆಂಟ್ ಹೋದ್ರೆ ಬಾಯಲ್ಲೇ ಪ್ರಶ್ನೋತ್ತರ ನಡೆಯುತ್ತೆ, ಮಕ್ಳಿಗೆ ಆ ದಿನಾನೇ ಇಷ್ಟ ಅಂತೆ, ಮುಖ ಕಾಣಲ್ಲ ಅಂತ ನಾಚ್ಕೊಳೋ ಮಕ್ಳೂ ಮಾತಾಡ್ತಾರೆ. ಡಿಸಿ ಮಳೆಗೆ ರಜೆ ಕೊಟ್ಟ ದಿನ ಟ್ಯೂಷನ್ನಿಗೂ ರಜೆ, ಅದಕ್ಕೆ ಬದ್ಲು ಕ್ಲಾಸ್ ಕೊಡಲ್ಲ, ಫೀಸೂ ಕಮ್ಮಿ ಮಾಡಲ್ಲ. ಮಳೆಗಾಲದಲ್ಲಿ ಇದು ಸ್ವಲ್ಪ ಬೇಜಾರು.

ಟೈಮು ನಾಕೂವರೆಯಿಂದ ಆರು. ಪೇಟೆಯವ್ರಿಗೆ ಏನೂ ತೊಂದ್ರೆ ಇಲ್ಲ. ಅಮ್ಮತ್ತಿ, ಸಿದ್ದಾಪುರ ಕಡೆಯವ್ರು ಯೋಚ್ನೆ ಮಾಡಿ, ಆರಕ್ಕೆ ಬಿಟ್ಟು ಬಸ್ ಹಿಡ್ದು ಇಳಿಯೋ ಹೊತ್ತಿಗೆ ಕತ್ಲಾಗಿರುತ್ತೆ, ಅಲ್ಲಿಂದ ತೋಟದ ದಾರಿಲಿ ಮಕ್ಳು ನಡ್ಕೊಂಡು ಹೋಗೋ ಕಾಲ ಅಲ್ಲ ಇದು, ಆನೆ ಎಲ್ಲಿ ನಿಂತಿರುತ್ತೆ ಅಂತ ಹೇಳೋಕಾಗಲ್ಲ. ಮೆಣಸಿನ ಮಾತು ಹೇಳಿದ ಆ ಅಮ್ಮತ್ತಿ ಹುಡುಗನನ್ನ ಅವ್ರಪ್ಪ ಜೀಪಲ್ಲಿ ಬಂದು ಕರ್ಕೊಂಡು ಹೋಗ್ತಾರೆ, ಹಂಗೆ ಅನುಕೂಲ ಇದ್ರೆ ಮಾತ್ರ ಕಳ್ಸಿ. ಭಾನುವಾರ ಬೆಳಗ್ಗೆ ಒಂದು ಬ್ಯಾಚ್ ಮಾಡಿ ಅಂತ ನಾವು ನಾಲ್ಕೈದು ಜನ ತಾಯಂದ್ರು ಸೇರಿ ಕೇಳಿದೀವಿ, "ನೋಡುವ" ಅಂದಿದಾರೆ.

ಫೀಸು ತಿಂಗ್ಳಿಗೆ 900, ಅಣ್ಣ ತಂಗಿ ಇಬ್ರೂ ಬಂದ್ರೆ ಎರಡನೆಯವ್ರಿಗೆ 600. ಯುಪಿಐ ಇಲ್ಲ, ಕ್ಯಾಶೇ ಕೊಡ್ಬೇಕು. ಕನ್ನಡ, ಸಮಾಜ, ವಿಜ್ಞಾನಕ್ಕೆ ಐದಕ್ಕೆ ನಾಕೂವರೆ ಕೊಡ್ತೀನಿ, ಇಂಗ್ಲಿಷಿಗೆ ಎರಡೂವರೆ, ಮೆಟ್ಲಿಗೆ ಸೊನ್ನೆ. ಬಾಯೇ ಬಿಡದ ಮಗು ಆದ್ರೆ ಖಂಡಿತಾ ಕಳ್ಸಿ, ಚೆನ್ನಾಗಿ ಬರೆಯೋ ಮಗು ಆದ್ರೆ ಆ ಸ್ಪೈರಲ್ ಪುಸ್ತಕ ಮಾತ್ರ ತಗೊಂಡು ಬನ್ನಿ, ಹೊರಗಿನವ್ರಿಗೂ ಕೊಡ್ತಾರೆ. ಸೀಟಿಗೆ ಫೋನ್ ಮಾಡಿ ಪ್ರಯೋಜ್ನ ಇಲ್ಲ, ಎತ್ತಲ್ಲ. ಮೇ ಕೊನೆ ವಾರದಲ್ಲಿ ಮಗುನ ಕರ್ಕೊಂಡೇ ಹೋಗಿ, ಯಾಕಂದ್ರೆ ಸೇರ್ಸೋ ಮುಂಚೆ ಅವ್ರು ಅಪ್ಪ ಅಮ್ಮನ ಹತ್ರ ಏನೂ ಕೇಳಲ್ಲ, ಮಗು ಹತ್ರಾನೇ ಮಾತಾಡೋದು, ಪಕ್ಕದಲ್ಲಿ ನಿಂತು ನೀವು ಉತ್ತರ ಹೇಳ್ಕೊಟ್ರೆ ನಿಮ್ಮನ್ನೇ ಹೊರಗೆ ಕೂರಿಸ್ತಾರೆ.